ಇಬ್ಬರು ಸೇರಿದರೆ ಸಭೆ

ಶನಿವಾರ ಸಂಜೆ ಊರಿನ ಎಂಟನೇ ಕೇಬಲ್ ಚಾನೆಲ್ಲಿನಲ್ಲಿ ತನ್ನ ಹಕ್ಕಿಮನೆಯನ್ನು ಕಂಡಾಗ ಲೊರೇನ್ ಪೆಲ್ಕಿಯ ಕೈಯಲ್ಲಿದ್ದ ಸೂಪಿನ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಅದೇ ಹಕ್ಕಿಮನೆ. ಹಸಿರು ಬಣ್ಣ, ಮೇಲೊಂದು ಪುಟ್ಟ ಚಿಮಣಿ. ಬೆಳಿಗ್ಗೆ ಅವಳೇ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಬಾಯಿಗೆ ಎರಡು ಗಂಟು ಬಿಗಿದು, ಸುತ್ತಮುತ್ತ ನೋಡಿ, ಊರ ಕಸದ ಯಾರ್ಡಿನಲ್ಲಿ ಎಸೆದು ಬಂದಿದ್ದಳು. ಅತಿ ಜಾಗ್ರತೆಯೇ ಮುಳುವಾಯಿತು. ಪತ್ರಿಕೆ ಹೋಗಬೇಕಾದದ್ದು ಕಾಗದದ ತೊಟ್ಟಿಗೆ. ಚೀಲದೊಳಗೆ ಕಾಗದ ಸರಪರ ಎಂದರೆ ಯಾರ್ಡಿನ ಕಾವಲುಗಾರ ಆರಿನ್ ಟಟಲ್ ಬಿಚ್ಚಿ ನೋಡದೆ ಬಿಡುವವನಲ್ಲ.

"ನೋಡಿ ಸ್ವಾಮಿ, ಚಿನ್ನದಂಥ ಸೀಡರ್ ಮರ," ಎಂದು ಆರಿನ್ ಪರದೆಯ ಮೇಲೆ ಹಕ್ಕಿಮನೆಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. "ಒಂದು ಮೊಳೆಗೂ ತುಕ್ಕು ಹಿಡಿದಿಲ್ಲ. ಬೇಕಾದವ್ರು ಬಂದು ತಗೊಂಡ್ಹೋಗಿ."

ಅವನ ಕಾರ್ಯಕ್ರಮದ ಹೆಸರು 'ಇನ್ನೂ ಚೆನ್ನಾಗಿದೆ'. ಜನ ಬಿಸಾಡಿದ್ದರಲ್ಲಿ ಕೆಲಸಕ್ಕೆ ಬರುವಂಥದ್ದನ್ನು ಆರಿಸಿ, ಊರಿನ ಕ್ಯಾಮೆರಾದಲ್ಲಿ ಹಿಡಿದು, ಅದೇ ಸಂಜೆ ತೋರಿಸುತ್ತಿದ್ದ. ಊರಿನವರು ಯಾರು ಬೇಕಾದರೂ ಆ ಕ್ಯಾಮೆರಾ ಒಯ್ಯಬಹುದು, ಏನು ಬೇಕಾದರೂ ತೋರಿಸಬಹುದು. ಮೇಲ್ವಿಚಾರಣೆಗೆ ಮೂವರ ಕೇಬಲ್ ಸಮಿತಿಯಿತ್ತು. ಕ್ಯಾಮೆರಾ, ದೀಪ, ಟೇಪು, ವೇಳಾಪಟ್ಟಿ, ಇಷ್ಟೇ ಅದರ ಪಾಲು. ಯಾರು ಏನು ತೋರಿಸಿದರು ಎಂದು ಕೇಳುವ ಹಕ್ಕು ಅದಕ್ಕಿರಲಿಲ್ಲ.

ಆ ಮೂವರಲ್ಲಿ ಲೊರೇನ್ ಒಬ್ಬಳು. ಅಧ್ಯಕ್ಷ ಡರ್ವುಡ್ ಹ್ಯಾಸ್ಕಿನ್ಸ್. ಅವನು ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ನೆಲಮಾಳಿಗೆಯಲ್ಲಿ ಕೂತು ಹಕ್ಕಿಮನೆ ಮಾಡುತ್ತಾನೆ, ಕ್ರಿಸ್‌ಮಸ್‌ಗೆ ಊರಿಗೆಲ್ಲ ಹಂಚುತ್ತಾನೆ. ಆ ಹಸಿರು ಮನೆಯೂ ಅವನು ಕೊಟ್ಟದ್ದೇ.

ಸೂಪು ಆರಿತು. ಲೊರೇನ್ ಅದನ್ನು ಮತ್ತೆ ಬಿಸಿ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನವೇ ಅಂಚೆ ಕಚೇರಿಯ ಹಲಗೆಯ ಮೇಲೆ ನೋಟಿಸು ಬಿತ್ತು: ಮಂಗಳವಾರ ಸಂಜೆ ಕೇಬಲ್ ಸಮಿತಿಯ ಸಭೆ. ವಿಷಯ: ಲೆನ್ಸಿನ ಮುಚ್ಚಳ ಕಳೆದುಹಾಕಿದ ಕಾರಣ ಆರಿನ್ ಟಟಲ್ ಕೈಯಿಂದ ಕ್ಯಾಮೆರಾ ಹಿಂಪಡೆಯುವುದು.

ಮುಚ್ಚಳ ಕಳೆದು ವರ್ಷಗಳೇ ಆಗಿದ್ದವು. ಆರಿನ್ ಅಲ್ಲಿಗೆ ಮೊಸರಿನ ಡಬ್ಬಿಯ ಮುಚ್ಚಳವಿಟ್ಟು ರಬ್ಬರ್ ಬ್ಯಾಂಡು ಹಾಕಿದ್ದ. ಅದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವನು ಡರ್ವುಡ್ಡೇ. ಈಗ ಅವನಿಗೆ ಮುಚ್ಚಳದ ನೆನಪಾದದ್ದು ಏಕೆಂದು ಲೊರೇನಳಿಗೆ ಗೊತ್ತಿತ್ತು. ತನ್ನ ಎರಡು ಗಂಟಿನ ಚೀಲಕ್ಕಾಗಿ ಇನ್ನೊಬ್ಬನ ಕ್ಯಾಮೆರಾ ಹೋಗುತ್ತಿದೆ. ಹೋಗಿ ಡರ್ವುಡ್ಡಿಗೆ ನಿಜ ಹೇಳಿಬಿಟ್ಟರೆ ಮುಗಿಯಿತು, ಎಂದುಕೊಂಡಳು. ರಾತ್ರಿಯಿಡೀ ವಾಕ್ಯ ಕಟ್ಟಿದಳು. ಕಟ್ಟಿದ್ದನ್ನೆಲ್ಲ ಒಡೆದು ಮತ್ತೆ ಕಟ್ಟಿದಳು.

ಸೋಮವಾರ ಅಂಚೆ ಕಚೇರಿಯಲ್ಲಿ ಅವನು ಸಿಕ್ಕ. ಬೂಟಿನ ತುಂಬ ಕೆಸರು. ಮಂಜು ಕರಗುವ ಆ ಕಾಲದಲ್ಲಿ ಊರಿಗೆ ಊರೇ ಹಾಗಿರುತ್ತದೆ.

"ಡರ್ವುಡ್, ನಿಮ್ಮ ಹತ್ರ ಒಂದು ಮಾತು..."

"ಟಟಲ್ ವಿಷ್ಯಾನಾ?"

"ಅಲ್ಲ. ಹಕ್ಕಿಮನೆದು. ನನ್ನ ಸ್ವಂತ..."

ಡರ್ವುಡ್ ಕಾಗದಗಳ ಕಟ್ಟನ್ನು ಎದೆಗಪ್ಪಿಕೊಂಡು ಹಿಂದೆ ಸರಿದ. "ಬೇಡ ತಾಯಿ! ಸಮಿತೀಲಿರೋದೇ ಮೂರು ಜನ. ಇಬ್ರು ಸೇರಿದ್ರೆ ಕೋರಂ. ಕೋರಂ ಮಾತಾಡಿದ್ರೆ ಸಭೆ. ನೋಟಿಸಿಲ್ದೆ ಸಭೆ ಮಾಡಿದ್ರೆ ನಮ್ಮಿಬ್ರನ್ನೂ ಕೋರ್ಟಿಗೆ ಎಳೀತಾರೆ."

"ಇದು ಸಭೆ ಅಲ್ಲ, ಡರ್ವುಡ್. ಅಂಚೆ ಕಚೇರಿ."

"ಹಕ್ಕಿಮನೆ ಅಂದ್ಯಲ್ಲ, ಈಗ ಅಂಚೆ ಕಚೇರೀನೂ ಸಭೇನೇ." ಕಿಟಕಿಯ ಹಿಂದೆ ಅಂಚೆಯಾಕೆ ಕಿವಿ ನೆಟ್ಟಗೆ ಮಾಡಿದ್ದಳು. ಡರ್ವುಡ್ ಅವಳಿಗೂ ಕೇಳುವಂತೆ ಹೇಳಿದ: "ಇಲ್ಲಿ ಯಾವ ಚರ್ಚೇನೂ ನಡೀಲಿಲ್ಲ!" ಬಾಗಿಲು ದಡಾರನೆ ಬಡಿಯಿತು.

ಬರ್ನೀಸಳ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಅವಳೇ ಸಮಿತಿಯ ಮೂರನೆಯವಳು. ಲೊರೇನಳ ಗಂಡನ ತಂಗಿ, ಪಕ್ಕದ ಮನೆ. ಬೆಳಗಿನ ಕಾಫಿ ಇಬ್ಬರದೂ ಒಂದೇ ಮೇಜಿನಲ್ಲಿ. ಮೊಣಕಾಲು ನೋವಿನಿಂದ ಹಿಡಿದು ಪಾದ್ರಿಯ ಹೊಸ ಮೀಸೆಯವರೆಗೆ ಎಲ್ಲ ಮಾತಾಡುತ್ತಾರೆ. ಮಾತು ಕೇಬಲ್ಲಿನ ಕಡೆ ವಾಲಿತೋ, ಬರ್ನೀಸ್ ಪಾತ್ರೆ ಒರೆಸುವ ಬಟ್ಟೆಯನ್ನು ಬಾವುಟದ ಹಾಗೆ ಎತ್ತುತ್ತಾಳೆ.

ಅಂದೂ ಎತ್ತಿದಳು. "ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ ಕಣೇ, ಟಿವಿ ಮಾತು ಗಂಟಲಲ್ಲಿ ಸಿಕ್ಕೊಂಡಿದೆ. ನುಂಗು. ಮೇಲೊಂದು ತುಂಡು ಕೇಕ್ ತಿನ್ನು."

ಲೊರೇನ್ ಕೇಕ್ ತಿಂದಳು. ಮಾತು ಮಾತ್ರ ಇಳಿಯಲಿಲ್ಲ.

ಕಾನೂನಿನ ಪ್ರಕಾರ ಅವಳು ಮಾತಾಡಬಹುದಾದವನು ಇನ್ನು ಆರಿನ್ ಒಬ್ಬನೇ. ಮಧ್ಯಾಹ್ನ ಯಾರ್ಡಿಗೆ ಹೋದಳು. ಅವನು ತನ್ನ ತಗಡಿನ ಗುಡಿಸಲ ಮುಂದೆ ಕೂತು ಒಂದು ತೊಟ್ಟಿಲಿನ ಕಾಲಿಗೆ ಅಂಟು ಹಚ್ಚುತ್ತಿದ್ದ.

"ಯಾರು ಎಸೆದದ್ದು ಅಂತ ಡರ್ವುಡ್ ಕೇಳಿದ್ರಾ?" ಎಂದು ಮೆಲ್ಲಗೆ ಕೇಳಿದಳು.

"ನಿನ್ನೆ ಬೆಳಿಗ್ಗೇನೇ ಬಂದಿದ್ದ. ಹೆಸ್ರು ಹೇಳು, ಕ್ಯಾಮೆರಾ ನಿನ್ಹತ್ರಾನೇ ಇರ್ಲಿ ಅಂದ. ನಾನು ಸಾಮಾನು ತೋರಿಸೋನು ಕಣಪ್ಪ, ಜನಾನಲ್ಲ ಅಂದೆ."

"ಕ್ಯಾಮೆರಾ ಹೋದ್ರೆ?"

ಆರಿನ್ ಅಂಟಿನ ಕಡ್ಡಿಯನ್ನು ಡಬ್ಬಿಯ ಅಂಚಿಗೆ ಒರೆಸಿದ. "ಮುಂಚೆ ಜನ ಕಾರಿನ ಗಾಜೂ ಇಳಿಸ್ತಿರ್ಲಿಲ್ಲ ಲೊರೇನ್. ಚೀಲ ಬಿಸಾಕೋರು, ಬುರ್ರಂತ ಹೋಗೋರು. ಈಗ ಇಳೀತಾರೆ, ಈ ವಾರ ಏನು ತೋರಿಸ್ತೀಯಾ ಅಂತಾರೆ, ಕಾಫಿ ತಂದ್ಕೊಡ್ತಾರೆ." ಅವನು ತೊಟ್ಟಿಲನ್ನು ತೂಗಿ ನೋಡಿದ. "ಹೋದ್ರೆ ಮತ್ತೆ ಬುರ್ರ್."

ಒಂದು ಬೈಗುಳ ಸಿಕ್ಕಿದ್ದರೆ ಲೊರೇನಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮಂಗಳವಾರ. ಪುರಭವನದ ಉದ್ದನೆ ಮೇಜಿನ ಹಿಂದೆ ಮೂವರು. ಎದುರಿನ ಕುರ್ಚಿಗಳಲ್ಲಿ ಎಂದಿನಂತೆ ಯಾರೂ ಇಲ್ಲ. ಈ ಊರಿನವರು ಸಭೆ ನೋಡುವುದು ಮನೆಯಲ್ಲಿ, ಕಾಲು ಚಾಚಿಕೊಂಡು. ನೇರ ಪ್ರಸಾರಕ್ಕೆ ಕ್ಯಾಮೆರಾ ಹಿಡಿದು ನಿಂತವನು ಆರಿನ್ನೇ. ಸಭೆಗಳನ್ನು ಹಿಡಿಯುವುದೂ ಅವನ ಕೆಲಸವೇ. ಇವತ್ತು ಕಿತ್ತುಕೊಳ್ಳಬೇಕಾದ ಕ್ಯಾಮೆರಾ ಅದೇ. ಮೊಸರಿನ ಮುಚ್ಚಳವನ್ನು ತೆಗೆದು ಅಂಗಿಯ ಜೇಬಿಗಿಟ್ಟುಕೊಂಡು, ಡರ್ವುಡ್ ಮುಖದ ಮೇಲೆ ನೆರಳು ಬೀಳದಂತೆ ದೀಪವನ್ನು ಚೂರು ತಿರುಗಿಸಿಕೊಟ್ಟ.

ಡರ್ವುಡ್ ಕನ್ನಡಕ ಹಾಕಿಕೊಂಡ. "ಕ್ಯಾಮೆರಾ ಹಿಂಪಡೆಯಬೇಕು ಅನ್ನೋದು ನನ್ನ ಸೂಚನೆ. ಅನುಮೋದನೆ?"

ಬರ್ನೀಸ್ ಬಾಯಿ ತೆರೆದಳು. ಅವಳು ಎಸೆದ ಟ್ರೆಡ್‌ಮಿಲ್ ಕಳೆದ ತಿಂಗಳು ಆ ಕಾರ್ಯಕ್ರಮದಲ್ಲಿ ಬಂದಿತ್ತು, ಒಂದು ದಿನವೂ ಓಡಿಸದ ಹೊಸ ಹೊಳಪಿನೊಂದಿಗೆ. ಅವಳು ಅನುಮೋದಿಸುವುದರಲ್ಲಿ ಅನುಮಾನವಿರಲಿಲ್ಲ.

"ಅದಕ್ಕೆ ಮುಂಚೆ ಚರ್ಚೆ," ಎಂದಳು ಲೊರೇನ್. ರಾತ್ರಿ ಕಟ್ಟಿದ ವಾಕ್ಯಗಳಲ್ಲಿ ಒಂದೂ ಹತ್ತಿರ ಸುಳಿಯಲಿಲ್ಲ. "ಹಸಿರು ಮನೆ ಎಸೆದಿದ್ದು ನಾನು, ಡರ್ವುಡ್. ಅಂಚೆ ಕಚೇರೀಲಿ ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ. ಕಾನೂನು ಪ್ರಕಾರ ಹೇಳೋಕೆ ಇಲ್ಲೊಂದೇ ಜಾಗ ಇತ್ತು."

ಬರ್ನೀಸಳ ಬಾಯಿ ತೆರೆದೇ ಇತ್ತು. ಆರಿನ್ ಕ್ಯಾಮೆರಾದ ಹಿಂದಿನಿಂದ ತಲೆ ಹೊರಗಿಟ್ಟ. ಲೊರೇನಳ ಕಡೆ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ. ಖಾಲಿ ಕುರ್ಚಿಗಳನ್ನೇ ಒಂದಿಷ್ಟು ಹೊತ್ತು ತೋರಿಸಿದ.

ಡರ್ವುಡ್ ಕನ್ನಡಕ ತೆಗೆದ. "ಬಣ್ಣ ಇಷ್ಟ ಆಗ್ಲಿಲ್ವಾ?"

"ಬಣ್ಣ ಚೆನ್ನಾಗಿತ್ತು. ಹಕ್ಕಿ ಬರ್ಲಿಲ್ಲ. ಮೂರು ವಸಂತ ಕಿಟಕೀಲಿ ಕೂತು ಕಾದೆ. ಬರ್ತಾವೆ, ತೂತಿಗೆ ತಲೆ ಇಡ್ತಾವೆ, ಹೋಗ್ತಾವೆ. ದುಂಬಿಯೊಂದು ಸಂಸಾರ ಹೂಡಿತ್ತು, ಅಷ್ಟೆ."

"ತೂತು ಚಿಕ್ಕದಾಯ್ತಾ?"

"ಸ್ವಲ್ಪ."

ಮೂಲೆಯಲ್ಲಿದ್ದ ಫೋನು ರಿಂಗಾಯಿತು. ಅದು ವೀಕ್ಷಕರಿಗೆಂದು ಇಟ್ಟದ್ದು. ಅದು ರಿಂಗಾದದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬರ್ನೀಸ್ ಹೋಗಿ ಎತ್ತಿದಳು, ಹ್ಞೂಂ ಹ್ಞೂಂ ಎಂದಳು, ಕೈಯಿಂದ ಫೋನಿನ ಬಾಯಿ ಮುಚ್ಚಿದಳು. "ಗಿರಣಿ ರಸ್ತೆಯಿಂದ. ಅವ್ರ ಹಕ್ಕಿಮನೆ ತೂತೂ ಚಿಕ್ಕದಂತೆ. ಕೆಂಪು ಬಣ್ಣದ್ದು. ಎಸೆದಿಲ್ವಂತೆ, ಅಂಗಿ ಗುಂಡಿ ಹಾಕಿಡೋಕೆ ಇಟ್ಕೊಂಡಿದಾರಂತೆ." ಫೋನನ್ನು ಇಡುವಷ್ಟರಲ್ಲಿ ಮತ್ತೆ ರಿಂಗಾಯಿತು.

ಡರ್ವುಡ್‌ನ ಕಿವಿಗಳು ಕೆಂಪಗಾದವು. ಲೊರೇನ್ ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದುಕೊಂಡಳು. ಈಗ ಎದ್ದು ಹೋಗುತ್ತಾನೆ, ಇನ್ನೆಂದೂ ಮಾತಾಡಿಸುವುದಿಲ್ಲ, ಎಂದುಕೊಂಡಳು.

"ಇಷ್ಟು ವರ್ಷ ಊರಿಗೂರೇ ಸುಮ್ಮನಿತ್ತಾ?" ಎಂದ ಅವನು ಕೊನೆಗೆ, ಯಾರನ್ನೂ ನೋಡದೆ. ಆಮೇಲೆ ನಗಲೋ ಬೇಡವೋ ಎಂಬಂಥ ಒಂದು ಸದ್ದು ಮಾಡಿ, ಕನ್ನಡಕ ಏರಿಸಿದ. "ಸೂಚನೆ ಮುಂದಿದೆ. ಅನುಮೋದನೆ?"

ಬರ್ನೀಸ್ ಚಾವಣಿ ನೋಡಿದಳು. ಲೊರೇನ್ ಬಾಯಿ ಬಿಡಲಿಲ್ಲ.

"ಅನುಮೋದನೆ ಇಲ್ಲ. ಸೂಚನೆ ಬಿದ್ದುಹೋಯ್ತು," ಎಂದ ಡರ್ವುಡ್, ಮತ್ತು ಕ್ಯಾಮೆರಾದ ಕಡೆ ಗದರಿದ: "ಟಟಲ್, ಆ ಮೊಸರಿನ ಮುಚ್ಚಳ ಮಾತ್ರ ಬದಲಾಯಿಸು ಮಾರಾಯ, ನೋಡೋಕಾಗಲ್ಲ."

"ಯಾಕೆ, ಇನ್ನೂ ಚೆನ್ನಾಗಿದೆ," ಎಂದಿತು ಕ್ಯಾಮೆರಾದ ಹಿಂದಿನ ದನಿ.

ಹೊರಗೆ ಕೆಸರಿನ ಮೈದಾನದಲ್ಲಿ ಲೊರೇನ್ ಕಾರಿನ ಬೀಗದ ಕೈಗಾಗಿ ತಡಕಾಡುತ್ತಿದ್ದಾಗ ಡರ್ವುಡ್ ಬಂದು ನಿಂತ. ಅವಳು ಮಾತಿಗೆ ಬಾಯಿ ತೆರೆದಳು. ಅವನು ತುಟಿಯ ಮೇಲೆ ಬೆರಳಿಟ್ಟ. ಸಭೆ ಮುಗಿದಿತ್ತು, ಅವರು ಇಬ್ಬರಿದ್ದರು.

ಆಮೇಲೆ ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ತೂತಿನಂಥ ಒಂದು ಉಂಗುರ ಮಾಡಿ, ಬೀದಿದೀಪದ ಬೆಳಕಿಗೆ ಹಿಡಿದು, ಹುಬ್ಬೇರಿಸಿದ.

ಲೊರೇನ್ ದಿಟ್ಟಿಸಿ ನೋಡಿ, ಸಾಲದೆಂಬಂತೆ ತಲೆಯಲ್ಲಾಡಿಸಿದಳು.

ಅವನು ಉಂಗುರವನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದ.