ದುಗ್ಗಪ್ಪ ಗೌಡರ ರಬ್ಬರ್ ಹುಡುಕಾಟ

ಸುಳ್ಯದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ದುಗ್ಗಪ್ಪ ಗೌಡರು ೧೯೮೬ರಲ್ಲಿ ಪಿಎಚ್‌ಡಿಗೆ ಇಳಿದರು. ಕಡಬದ ಕಡೆ ರಬ್ಬರ್ ಮರಗಳು ಇದ್ದಕ್ಕಿದ್ದಂತೆ ಹಾಲು ಕೊಡುವುದನ್ನು ನಿಲ್ಲಿಸುವ ರೋಗವೇ ಅವರ ವಿಷಯ. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಶಬ್ದ ಬರೆದು ಕಳಿಸಿದರೆ ಅಲ್ಲಿನ ಕಂಪ್ಯೂಟರ್ ದೇಶವಿದೇಶದ ಲೇಖನಗಳ ಪಟ್ಟಿ ಕೊಡುತ್ತದೆಂದು ಕೇಳಿ, ಗೌಡರು ಫಾರಂ ತುಂಬಿದರು. ಬರೆದದ್ದು ಒಂದೇ ಶಬ್ದ: ‘ರಬ್ಬರ್’.

ಮೂರು ಕಿಲೋ ತೂಕದ ಪಾರ್ಸೆಲ್ ಬಂತು. ಒಳಗೆಲ್ಲ ಟಯರು, ಚಪ್ಪಲಿ, ಆಸ್ಪತ್ರೆಯ ಕೈಗವಸು. ಎರಡನೇ ಸಲ, ಮರ ಗೀರಿ ಹಾಲು ಇಳಿಸುವುದಕ್ಕೆ ಹೇಳುವ ಶಬ್ದವೆಂದು, ಬರೇ ‘ಟ್ಯಾಪಿಂಗ್’ ಎಂದು ಬರೆದರು. ಟೆಲಿಫೋನು ಕದ್ದು ಕೇಳುವ ವಿಧಾನಗಳ ದೊಡ್ಡ ಪಟ್ಟಿ ಬಂತು.

“ಕಂಪ್ಯೂಟರಿಗೆ ತಲೆ ಇಲ್ಲ,” ಎಂದು ಅವರು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಅನ್ನಕುಟ್ಟಿಯಲ್ಲಿ ದೂರಿದರು. ಅವಳು ಕೇರಳದಿಂದ ಬಂದು ಕಡಬದಲ್ಲಿ ನೆಲೆಸಿದ ರಬ್ಬರ್ ಕೃಷಿಕ ಇಡಿಕುಳನ ಮಗಳು.

“ನಿಮ್ಗೆ ಬೇಕಾದ್ದು ಎಂತ ಸರ್? ಮರವಾ, ರೋಗವಾ?”

“ಎರಡೂ.”

“ಹಾಗಾದ್ರೆ ಎರಡನ್ನೂ ಕೇಳುದಲ್ವಾ?”

ಅವಳು ಕಾಗದದಲ್ಲಿ ಎರಡು ಸಾಲು ಎಳೆದಳು. “ಮೇಲೆ ಮರದ ಹೆಸರುಗಳು, ಶಾಸ್ತ್ರದ ಹೆಸರೂ ಸೇರಿ. ಕೆಳಗೆ ರೋಗದ್ದು. ನಮ್ಮ ಅಪ್ಪ ಮಲಯಾಳದಲ್ಲಿ ಪಟ್ಟಮರಪ್ಪು ಅಂತಾರೆ. ಇಂಗ್ಲಿಷಿನವರು ಹೇಳುದನ್ನೆಲ್ಲ ನೀವು ಬರೀರಿ. ಸಾಲಿನ ಒಳಗೆ ‘ಅಥವಾ’, ಸಾಲುಗಳ ನಡುವೆ ‘ಮತ್ತು’. ಟಯರ್ ಬೇಡ ಅಂತ ಕೊನೆಗೆ ಹಾಕಿ.”

ಈ ಸಲ ಬಂದದ್ದು ಒಂದೇ ಹಾಳೆ, ಹನ್ನೊಂದು ಲೇಖನ. ಗೌಡರ ಮುಖ ಬಾಡಿತು. “ಇಷ್ಟನ್ನು ಹಿಡ್ಕೊಂಡು ಪಿಎಚ್‌ಡಿ ಕಮಿಟಿಯೆದುರು ಹೋಗುದು ಹೇಗೆ?”

ಹಾಳೆಯನ್ನು ಅವಳಲ್ಲೇ ಬಿಟ್ಟು, ಮೊದಲೆರಡು ಸಲ ಬಂದ ಪಟ್ಟಿಗಳ ಕಟ್ಟುಗಳನ್ನು ಹೊತ್ತುಕೊಂಡು ಹೋದರು. ಕಮಿಟಿಯ ಅಧ್ಯಕ್ಷರು ಅವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ ‘ವ್ಯಾಪಕ ಅಧ್ಯಯನ’ ಎಂದು ಷರಾ ಬರೆದರು. ದಾರ ಬಿಚ್ಚಿದವರಿಲ್ಲ. ಟೆಲಿಫೋನು ಸಮೇತ ಎಲ್ಲವೂ ಗ್ರಂಥಸೂಚಿಗೆ ಸೇರಿ, ಗೌಡರು ಡಾಕ್ಟರಾದರು.

ಅನ್ನಕುಟ್ಟಿ ಪತ್ರ ಬರೆದು ಆ ಹಾಳೆಯಲ್ಲಿದ್ದ ನಾಲ್ಕು ಲೇಖನ ತರಿಸಿದಳು. ಬತ್ತಿದ ಮರಕ್ಕೆ ಕತ್ತಿ ತಾಗಿಸದೆ ವಿಶ್ರಾಂತಿ ಕೊಡಬೇಕೆಂದು ಅಪ್ಪನಿಗೆ ಓದಿ ಹೇಳಿದಳು.

“ಕಾಗದ ನೋಡಿ ನಂಗೆ ಟ್ಯಾಪಿಂಗ್ ಕಲಿಸುದಾ?” ಎಂದ ಇಡಿಕುಳ. ಆದರೂ ಬತ್ತಿದ ಇಪ್ಪತ್ತು ಮರ ಗೀರದೆ ಬಿಟ್ಟ. ಮರುವರ್ಷ ಹದಿನಾಲ್ಕು ಮರಗಳಲ್ಲಿ ಹಾಲು ಬಂತು.

ಸುದ್ದಿ ಕೇಳಿ ಡಾಕ್ಟರ್ ಗೌಡರು ಕಡಬಕ್ಕೆ ಬಂದರು. ಮರ ಮುಟ್ಟಿ ನೋಡಿದರು. “ಇದು ಯಾವ ಲೇಖನದಲ್ಲಿ ಉಂಟು ಅನ್ನಕುಟ್ಟಿ?” ಎಂದು ಮೆಲ್ಲ ಕೇಳಿದರು. ಅವಳು ನಾಲ್ಕು ಲೇಖನ ತಂದುಕೊಟ್ಟಳು. ಗೌಡರು ಜಗಲಿಯಲ್ಲಿ ಕೂತು ಓದತೊಡಗಿದರು. ಕಾಫಿ ಆರಿತು. ನಾಲ್ಕೂ ಮುಗಿಯುವಾಗ ಸುಳ್ಯದ ಬಸ್ಸು ಹೋಗಿಯಾಗಿತ್ತು.