ಬದುವಿನ ಮೇಲೆ ನಿಂತ ಹುಡುಗಿ

ಬುತ್ತಿಯ ಡಬ್ಬಿಯನ್ನು ಮೇಜಿನ ಮೇಲೆ ಇಡಬೇಕೋ, ಕಾಲ ಬಳಿಯೇ ಬಿಡಬೇಕೋ? ಇಟ್ಟರೆ ಕೆಲಸ ಮಾಡಿಸಿಕೊಳ್ಳಲು ಕಾಣಿಕೆ ತಂದಂತೆ ಕಾಣುತ್ತದೆ. ಇಡದಿದ್ದರೆ ಸಂಜೆ ಅವ್ವ ಮೊದಲು ಕೇಳುವ ಮಾತೇ ಅದು. ಇಟ್ಟಮೇಲೂ ಈಕೆ ತಿನ್ನುತ್ತಾಳೆಂದು ಏನು ಖಾತ್ರಿ? ಇವತ್ತು ಒಪ್ಪತ್ತು ಎಂದು ನಕ್ಕು ಪಕ್ಕಕ್ಕೆ ಸರಿಸಿದರೆ? ಆ ನಗುವನ್ನು ನಾಗಸೇನ ಎಷ್ಟೋ ಹೊಸ್ತಿಲುಗಳಲ್ಲಿ ಕಂಡಿದ್ದ. ಪುಸ್ತಕ ಬೇಡವೆಂದರೆ ತಡೆದುಕೊಂಡೇನು, ಡಬ್ಬಿ ಬೇಡವೆಂದರೆ ಆಗದು ಎಂದುಕೊಂಡ.

ಬೀದರಿನ ಔಷಧಿ ಅಂಗಡಿಯೊಂದರ ಮೇಲಿನ ಕೋಣೆ ಅದು. ಎದುರಿಗೆ ಕುಳಿತ ಈಶ್ವರಿ ಅವನ ಹಸ್ತಪ್ರತಿಯ ಕೊನೆಯ ಪುಟಗಳನ್ನು ಇನ್ನೊಮ್ಮೆ ತಿರುವುತ್ತಿದ್ದಳು. ಭಾಲ್ಕಿಯ ಕಿರಾಣಿ ವ್ಯಾಪಾರಿ ಮನ್ಮಥಪ್ಪನವರ ಮಗಳು. ಬೆಂಗಳೂರಿನ ಪ್ರಕಾಶನವೊಂದರಲ್ಲಿ ಎಂಟು ವರ್ಷ ದುಡಿದು ಊರ ಕಡೆ ಮರಳಿದ್ದಳು. ಈಗ ಬರೆಯುವವರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವ ಏಜೆಂಟು. ಕನ್ನಡದಲ್ಲಿ ಅಂಥವರೊಬ್ಬರು ಇದ್ದಾರೆ, ಅದೂ ಬೀದರಿನಲ್ಲಿ ಇದ್ದಾರೆ ಎಂದು ತಿಳಿಯುವುದಕ್ಕೇ ನಾಗಸೇನನಿಗೆ ಮೂರು ವರ್ಷ ಹಿಡಿದಿತ್ತು. ಅಷ್ಟರೊಳಗೆ ದಿಲ್ಲಿ, ಮುಂಬೈಯ ಏಜೆಂಟರು ತಾವು ಕನ್ನಡ ನೋಡುವುದಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದು ತಿಳಿಸಿದ್ದರು. ಬೆಂಗಳೂರಿನ ಇಬ್ಬರು ಪ್ರಕಾಶಕರು ಹಸ್ತಪ್ರತಿ ನೋಡುವ ಮೊದಲು ಯಾರ ಕಡೆಯಿಂದ ಬಂದಿರಿ ಎಂದು ಕೇಳಿದ್ದರು. ಯಾರ ಕಡೆಯಿಂದಲೂ ಅಲ್ಲ, ಠಾಣಾ ಕುಶನೂರದಿಂದ ಬಂದಿದ್ದೇನೆ ಎಂದಿದ್ದ. ಅವರು ನಕ್ಕಿದ್ದರು.

ಸಾಯಗಾಂವದ ಶಾಲೆಯಲ್ಲಿ ಅವನು ಅತಿಥಿ ಶಿಕ್ಷಕ. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳಿಗೆ ಓದಿ ಹೇಳುತ್ತ ತಿದ್ದುತ್ತ ಬೆಳೆಸಿದ ಕಥೆ ಅದು. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಊಟವೆಲ್ಲ ಹೊಲದಲ್ಲೇ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯದೆ ಯಾರೂ ತುತ್ತು ಎತ್ತುವುದಿಲ್ಲ. ಅವನ ಕಥೆಯ ಮನಿಷಾ ಎಂಬ ಹುಡುಗಿ ತಮ್ಮ ಹೊಲದ ಬದುವಿನ ಮೇಲೆ ನಿಂತು ಕರೆಯುತ್ತಾಳೆ. ಬಸ್ಸಿನವನು ಬರುತ್ತಾನೆ, ಬಳೆ ಮಾರುವವಳು ಬರುತ್ತಾಳೆ, ಊರ ಪಾಟೀಲರು ಕುದುರೆ ಕಟ್ಟಿ ಬರುತ್ತಾರೆ. ಗಡಿಗೆಯಲ್ಲಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ತೀರುವುದೇ ಇಲ್ಲ.

ನಿನ್ನೆಯಷ್ಟೇ ಅಮಾವಾಸ್ಯೆ ಕಳೆದಿತ್ತು. ಅವ್ವ ಶೇವಂತಾಬಾಯಿ ಬೆಳಿಗ್ಗೆ ಅವನು ಬಸ್ಸಿಗೆ ಹೊರಟಾಗ, ಖಾಲಿ ಕೈಯಲ್ಲಿ ಹೋಗಬಾರದೆಂದು ಡಬ್ಬಿ ತುಂಬಿ ಕೊಟ್ಟಿದ್ದಳು.

"ಭಾಳ ಛಂದ ಬರದೀರಿ ಸರ್. ಒಂದ ಕೂತಾಗ ಓದಿ ಮುಗಿಸಿದೆ" ಎಂದಳು ಈಶ್ವರಿ. ಆ ಮಾತಿನ ಧೈರ್ಯದಲ್ಲಿ ನಾಗಸೇನ ಡಬ್ಬಿ ಎತ್ತಿ ಮೇಜಿನ ಮೇಲಿಟ್ಟ.

ಅವಳು ಕೇಳದೆಯೇ ಮುಚ್ಚಳ ತೆಗೆದಳು. "ಭಜ್ಜಿ ಅಲ್ರಿ ಇದು. ಮರುದಿನದ್ದಕ್ಕ ರುಚಿ ಹೆಚ್ಚ ನೋಡ್ರಿ." ಸಜ್ಜೆ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿದಳು. ನಾಗಸೇನನ ಎದೆಯಿಂದ ದೊಡ್ಡ ಭಾರ ಇಳಿಯಿತು.

ಬೆಂಗಳೂರಿನ ಇನ್ನೊಬ್ಬ ಪ್ರಕಾಶಕರು ಪುಸ್ತಕ ಮಾಡಲು ಒಪ್ಪಿದ್ದಾರೆ, ಚಿತ್ರ ಬರೆಯುವವರನ್ನೂ ಗೊತ್ತು ಮಾಡಿದ್ದಾರೆ ಎಂದು ಉಣ್ಣುತ್ತಲೇ ಹೇಳಿದಳು. ಒಂದು ಸಣ್ಣ ಬದಲಾವಣೆ ಕೇಳಿದ್ದಾರೆ, ತನಗೂ ಅದು ಸರಿ ಎನ್ನಿಸಿದೆ, ಇವತ್ತೇ ಉತ್ತರ ಕೊಡಬೇಕು.

"ಹೊಲ ಪಾಟೀಲರದು ಇರಲಿ ಸರ್. ಪಾಟೀಲರ ಹೆಂಡ್ತಿ ಬದು ಮ್ಯಾಲ ನಿಂತು ಕರೀಲಿ. ಮನಿಷಾ ದಾರಿ ಮ್ಯಾಲ ಇರ್ತಾಳ, ಹಸದಿರ್ತಾಳ. ಅಂಜಿಕೋತ ಬಂದು ಉಣ್ತಾಳ. ಓದೋರ ಕಣ್ಣಾಗ ನೀರ ಬರ್ತದ."

ನಾಗಸೇನ ತಾನು ಕೇಳಿದ್ದು ಸರಿಯೋ ಎಂದು ಅವಳ ಮುಖ ನೋಡಿದ. "ಹೊಲ ಆಕಿದು ಅದರಿ ಮೇಡಂ" ಎಂದ.

"ಇರಲಿರಿ. ಆದ್ರ ಓದೋರು ನಂಬಬೇಕಲ್ಲ. ಭಾಲ್ಕಿದಾಗ ನಮ್ಮ ಹೊಲಕ್ಕ ಅಮಾಸಿಗಿ ನೂರ ಮಂದಿ ಉಣ್ಣಾಕ ಬರ್ತಿದ್ರು. ಕೇರಿಯಿಂದ ನಿಮ್ಮ ಕಡಿ ಮಂದೀನೂ ಬರ್ತಿದ್ರು, ನಮ್ಮವ್ವ ಯಾರಿಗೂ ಇಲ್ಲ ಅಂದಾಕಿ ಅಲ್ಲ. ಮನಿಷಾ ಕರದ್ರ ಪಾಟೀಲರು ಕುದುರಿ ಕಟ್ಟಿ ಬಂದು ಕೂಡ್ತಾರಂದ್ರ... ನೀವೇ ಹೇಳ್ರಿ, ಖರೇನ ಬರ್ತಾರೇನ್ರಿ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗಡಿಗೆಯಲ್ಲಿ ತೀರದ ಭಜ್ಜಿಯನ್ನು ಈಕೆ ನಂಬಿದ್ದಳು, ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಒಂದು ಹುಡುಗಿ ನಾಲ್ಕು ಜನಕ್ಕೆ ಉಣ್ಣಲು ಹಾಕಿದ್ದನ್ನು ಮಾತ್ರ ನಂಬಲಾಗಿರಲಿಲ್ಲ. ಮನಿಷಾಳ ಕೈಯಿಂದ ರೊಟ್ಟಿ ಕಸಿದುಕೊಂಡು ಹಸಿವನ್ನು ಕೊಟ್ಟರೆ ಪುಸ್ತಕವಾಗುತ್ತದೆ.

"ನೀವು ಉಣ್ಣಾಕತ್ತೀರಲ್ರಿ" ಎಂದ.

ಈಶ್ವರಿಯ ಕೈ ಡಬ್ಬಿಯ ಅಂಚಿನಲ್ಲೇ ನಿಂತಿತು. ಕೆಳಗೆ ಔಷಧಿ ಅಂಗಡಿಯ ಷಟರನ್ನು ಯಾರೋ ಅರ್ಧ ಎಳೆದ ಸದ್ದು ಬಂತು.

"ನಾ ಆ ಅರ್ಥದಾಗ ಅನಲಿಲ್ರಿ" ಎಂದಳು ಕೊನೆಗೆ. "ನನಗ ಅಂಥಾದ್ದೇನೂ ಇಲ್ಲ. ನಿಮ್ಮ ಪುಸ್ತಕ ಬರಲಿ ಅಂತ ಹೇಳಾಕತ್ತೇನಿ."

ನಾಗಸೇನ ಕೈ ಚಾಚಿ ಹಸ್ತಪ್ರತಿ ತೆಗೆದುಕೊಂಡು ಚೀಲಕ್ಕೆ ಹಾಕಿದ. ಅವಳು ಡಬ್ಬಿ ಮುಚ್ಚಲು ಹೋದಳು.

"ಸಾವಕಾಶ ಉಣ್ರಿ. ಆಗೂತನಕ ನಾ ಕೂಡ್ತೇನಿ."

ಉಣ್ಣುವವರ ಎದುರಿಂದ ಉಣಿಸುವವನು ಎದ್ದು ಹೋಗಬಾರದು. ಅವ್ವ ಕಲಿಸಿದ್ದು ಅದು. ಮೈಯೆಲ್ಲ ಬಿಸಿಯಾಗಿದ್ದರೂ ಅವನು ಕುರ್ಚಿ ಬಿಡಲಿಲ್ಲ. ಈಶ್ವರಿ ತಲೆ ತಗ್ಗಿಸಿ ಕೊನೆಯ ತುಣುಕಿನವರೆಗೂ ಉಂಡಳು. ಆಮೇಲೆ ಅವಳು ಡಬ್ಬಿ ತೊಳೆದು ಒರೆಸಿ, ಖಾಲಿ ಕೊಡಬಾರದೆಂದು ಕೋಣೆಯೆಲ್ಲ ಹುಡುಕಿ, ಚಹಾದ ಡಬ್ಬದಿಂದ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಳು. ಇನ್ನೊಮ್ಮೆ ವಿಚಾರ ಮಾಡಿ ಸಂಜೆಯೊಳಗೆ ಫೋನು ಹಚ್ಚಿರಿ ಎಂದಳು. ಅವನು ಹಚ್ಚುವವನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಅವನಿಗೆ ಒಂದಲ್ಲ ನೂರು ಉತ್ತರ ಹೊಳೆದವು. ಎಂಟು ವರ್ಷ ಪುಸ್ತಕ ಮಾಡಿದವಳಿಗೆ ಮಕ್ಕಳ ಕಥೆ ಅಂದರೆ ಇಷ್ಟೇ ತಿಳಿಯಿತೇ? ಸಾಯಗಾಂವದ ಶಾಲೆಯಲ್ಲಿ ಪಾಟೀಲರ ಮೊಮ್ಮಗನೇ ಎರಡು ಸಲ ಓದಿಸಿಕೊಂಡ ಕಥೆಯಿದು. ಅವನು ಒಮ್ಮೆಯೂ ಖರೇನಾ ಎಂದು ಕೇಳಿರಲಿಲ್ಲ. ಆಮೇಲೆ ಏನಾಯ್ತು ಎಂದಷ್ಟೇ ಕೇಳಿದ್ದ. ಸಂತಪುರ ದಾಟುವವರೆಗೂ ನಾಗಸೇನನ ತುಟಿಗಳು ಅಲುಗುತ್ತಿದ್ದವು. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮನೆಯಲ್ಲಿ ಅವ್ವ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು.

"ಸಕ್ಕರಿ ಹಾಕ್ಯಾಳ" ಎಂದಳು. "ಎಲ್ಲಾ ಉಂಡಳೇನ?"

"ಎಲ್ಲಾ ಉಂಡಳು. ಬೆರಳಿಗಿ ಹತ್ತಿದ್ದೂ ಬಿಡಲಿಲ್ಲ."

"ನಿನ್ನ ಎದುರಿಗೇ?"

"ನನ್ನ ಎದುರಿಗೇ."

ಪುಸ್ತಕದ ಕೆಲಸ ಏನಾಯಿತೆಂದು ಕೇಳಿದಳು. ಈಕೆಯಿಂದ ಆಗಲಿಲ್ಲ, ಬೇರೆಯವರಿಗೆ ತೋರಿಸುತ್ತೇನೆ ಎಂದ. ಅವ್ವ ಅದನ್ನು ಅರ್ಧ ಕೇಳಿದಳು, ಅರ್ಧ ಕೇಳಲಿಲ್ಲ. ಸಕ್ಕರೆಯನ್ನು ಚಿಟಿಕೆಯಷ್ಟು ನಾಲಿಗೆಯ ಮೇಲೆ ಇಟ್ಟುಕೊಂಡು, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

"ಬರೂ ವರ್ಷದ ಅಮಾಸಿಗಿ ಆಕಿಗಿ ಹೊಲಕ್ಕ ಕರಿ" ಎಂದಳು.

ನಾಗಸೇನ ಹೂಂ ಎಂದು, ಚೀಲದಿಂದ ಹಸ್ತಪ್ರತಿ ತೆಗೆದು ಗೂಟಕ್ಕೆ ಚೀಲ ಸಿಕ್ಕಿಸಿದ. ಮೂವತ್ತು ವರ್ಷ ಅವ್ವ ತಮ್ಮ ಹೊಲದ ಬದುವಿನ ಮೇಲೆ ನಿಂತು ಕೂಗಿದರೂ ದಾರಿಯಿಂದ ಒಬ್ಬರೂ ಇಳಿದು ಬಂದಿರಲಿಲ್ಲ ಎಂಬುದನ್ನು ಅವನು ಈಶ್ವರಿಗೆ ಹೇಳಿರಲಿಲ್ಲ.