ತಿಳಿನೀರಿನ ಅಂಚಿನ ಕರಿಪಾಚಿ

ಬೇಸಿಗೆ ಮುಗಿಯುತ್ತ ಬಂದ ಫೆಬ್ರವರಿಯಲ್ಲಿ ನಮ್ಮ ನ್ಯೂಜಿಲೆಂಡ್ ಕಣಿವೆಯ ತೊರೆ ಮೊಣಕಾಲಿಗಿಂತ ಕೆಳಗಿಳಿಯುತ್ತದೆ. ಗುಡ್ಡದ ಕುರಿಗಳನ್ನು ಕೆಳಗೆ ತರುವ ಕಾಲವೂ ಅದೇ. ಹೋದ ವರ್ಷ ಆ ಕೆಲಸದ ನಡುವೆಯೇ ಕುರಿಗಾರ ಮರ್ಡಾಕ್‌ನ ಕುರಿನಾಯಿ ಗ್ಲೆನ್ ತೊರೆಯ ಪಕ್ಕ ಒದ್ದಾಡಿ ಸತ್ತಿತು. ಪಕ್ಕದ ಜಮೀನಿನ ನೈರಿ, ಮರಗಳನ್ನು ತಿಂದು ಹಾಳುಮಾಡುವ ಪೋಸಮ್ ಎಂಬ ಕಾಡುಪ್ರಾಣಿಗಳಿಗೆ ಇಟ್ಟ ವಿಷ ತಿಂದೇ ಸತ್ತಿತೆಂದು ಅವನು ತೀರ್ಮಾನಿಸಿಬಿಟ್ಟ. ವಿಷ ಇಟ್ಟದ್ದು ಗುಡ್ಡದ ಆಚೆಗೆ ಎಂದು ಅವಳು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಎದುರು ಬಂದ ಗಾಡಿಗೆ ನಮಸ್ಕಾರವೆಂದು ಸ್ಟೀರಿಂಗ್ ಮೇಲಿಂದ ಒಂದು ಬೆರಳಾದರೂ ಎತ್ತುತ್ತಾರೆ. ಮರ್ಡಾಕ್ ವರ್ಷವಿಡೀ ಅವಳಿಗೆ ಅದನ್ನೂ ಎತ್ತಲಿಲ್ಲ.

ಈ ವರ್ಷ ಅವನಿಗೆ ಉಳಿದದ್ದು ಇನ್ನೊಂದು ಕುರಿನಾಯಿ, ಮೆಗ್ ಒಬ್ಬಳೇ. ಅವಳಿಲ್ಲದಿದ್ದರೆ ಕುರಿ ಇಳಿಯುವುದಿಲ್ಲ. ಒಂದು ದಿನದ ಕೆಲಸ ಮುಗಿದ ಮೇಲೆ ಅವಳನ್ನು ತಣಿಸಲು ತೊರೆಗೆ ಕರೆತಂದ. ನೀರು ತುಂಬಿದಾಗ ಮಡುವಿನಲ್ಲಿ ಸೆಳೆತವಿರುತ್ತದೆಂದು ಅಂಚಿನಲ್ಲೇ ಮಲಗುವುದನ್ನು ಕಲಿಸಿದ್ದ.

ಆಗ ನೈರಿ ನಡುನೀರಿನಲ್ಲಿ ನಿಂತು, ತಳಕ್ಕೆ ಗಾಜು ಕೂರಿಸಿದ ಬಕೆಟ್ಟಿನೊಳಗಿಂದ ಕಲ್ಲುಗಳನ್ನು ನೋಡುತ್ತಿದ್ದಳು. ವಾರಕ್ಕೊಮ್ಮೆ ಪಾಚಿಯ ಲೆಕ್ಕ ಬರೆಯುವುದನ್ನು ಹೊಳೆ ಇಲಾಖೆಯವರು ಅವಳಿಗೆ ಕಲಿಸಿದ್ದರು. ಮೆಗ್ ಅಂಚಿನಲ್ಲಿ ಏನನ್ನೋ ಮೂಸುವುದು ಕಂಡಿತು.

"ಮರ್ಡಾಕ್, ನಾಯೀನ ಹಿಂದಕ್ಕೆ ಕರಿ."

"ಯಾಕೆ, ಇಲ್ಲೂ ವಿಷ ಇಟ್ಟಿದೀಯಾ?"

"ಬೈಯೋದು ಆಮೇಲೆ ಬೈಯಿ. ಮೊದ್ಲು ಕರಿ."

ಅವನು ಸಿಳ್ಳೆ ಹಾಕಿದ. ಮೆಗ್ ಮನಸ್ಸಿಲ್ಲದ ಮನಸ್ಸಿನಿಂದ ಬಂದಳು. ಬಾಯಿ ಬಿಡಿಸಿ ನೋಡಿದರೆ ಏನೂ ಇರಲಿಲ್ಲ. ನೈರಿ ಅಂಚಿಗೆ ಬಂದು ಕೋಲಿನಿಂದ ಆ ವಸ್ತುವನ್ನು ಎತ್ತಿದಳು. ಕಪ್ಪಗೆ, ಚಕ್ಕಳದ ಹಾಗೆ, ನೆನೆದ ಗೋಣಿಯ ಮುಗ್ಗಲು ವಾಸನೆ.

"ನೀರು ನೋಡು, ಗಾಜಿನ ಹಾಗಿದೆ. ನಮ್ಮಜ್ಜ ಇದನ್ನೇ ಕುಡಿದು ತೊಂಬತ್ತು ವರ್ಷ ಬದುಕಿದ," ಎಂದ ಮರ್ಡಾಕ್.

"ನಿಮ್ಮಜ್ಜ ಅಂಚಿನ ಪಾಚಿ ತಿನ್ನಲಿಲ್ವಲ್ಲ."

ಆಮೇಲೆ ಅವಳು ಬಿಡಿಸಿ ಹೇಳಿದಳು. ತೊರೆಯ ಕಲ್ಲು ಜಾರುವುದೇ ಜೀವದಿಂದ. ಕಣ್ಣಿಗೆ ಕಾಣದ ಜೀವಿಗಳ ಆ ತೆಳು ಲೋಳೆಯನ್ನು ಹುಳು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ. ಅದನ್ನು ಕೆರೆದು ತೆಗೆಯಬೇಕಿಲ್ಲ. ಆದರೆ ನೀರು ಇಳಿದು ಬೆಚ್ಚಗಾದಾಗ ಈ ಕರಿಪಾಚಿ ದಪ್ಪಗೆ ಬೆಳೆಯುತ್ತದೆ. ನೀರು ತಿಳಿಯಾಗಿದ್ದರೂ ಬೆಳೆಯುತ್ತದೆ. ಕಲ್ಲಿನಿಂದ ಕಳಚಿ ತೇಲಿ ಬಂದು ಅಂಚಿಗೆ ಸೇರುತ್ತದೆ. ಆ ವಾಸನೆ ನಾಯಿಗಳನ್ನು ಎಳೆಯುತ್ತದೆ. ಒಂದು ನಾಣ್ಯದಗಲ ತಿಂದರೂ ಅರ್ಧ ಗಂಟೆಯಲ್ಲಿ ನಾಯಿ ಸಾಯಬಹುದು.

ಮರ್ಡಾಕ್ ಮೆಗ್‌ಳನ್ನು ಕತ್ತು ಹಿಡಿದು ನೀರಿನಿಂದ ದೂರಕ್ಕೆ ಎಳೆದುಕೊಂಡ.

"ಅಂಚಲ್ಲಿ ಮಲಗೋದನ್ನ ಗ್ಲೆನ್‌ಗೂ ನಾನೇ ಕಲಿಸಿದ್ದು," ಎಂದ.

ನೈರಿಗೆ ಅವನ ಮೇಲೆ ಸಿಟ್ಟಿತ್ತು, ಆದರೆ ಆಗ ಕನಿಕರವೇ ಹೆಚ್ಚಾಯಿತು.

ಮರುದಿನ ಮೆಗ್ ಗಾಡಿಯ ಹಿಂದೆ ಮನೆಯ ನೀರಿನ ಕ್ಯಾನಿನ ಜೊತೆ ಕೂತಿದ್ದಳು. ನೈರಿಯ ಗಾಡಿ ಎದುರಾದಾಗ ಮರ್ಡಾಕ್ ಬೆರಳಲ್ಲ, ಇಡೀ ಕೈಯನ್ನೇ ಎತ್ತಿದ. ಕುರಿಗಳೆಲ್ಲ ಆ ವಾರವೇ ಇಳಿದವು.

ನಿಮ್ಮ ಊರಿನ ತೊರೆಯಲ್ಲೂ ಎರಡು ವಾರ ಮಳೆಯಿಲ್ಲದೆ ನೀರು ಇಳಿದಿದ್ದರೆ, ನಾಯಿಯನ್ನು ಬಿಡುವ ಮುಂಚೆ ಅಂಚನ್ನು ನೋಡಿ. ಕರಿ ಚಕ್ಕಳ ಕಂಡರೆ ಹಗ್ಗ ಬಿಚ್ಚಬೇಡಿ, ಮಕ್ಕಳನ್ನೂ ದೂರವಿಡಿ. ತಿಂದಿರಬಹುದೆಂಬ ಅನುಮಾನ ಬಂದರೂ ಸಾಕು, ಒದ್ದಾಟ ಶುರುವಾಗಲೆಂದು ಕಾಯದೆ ಪಶುವೈದ್ಯರ ಬಳಿಗೆ ಓಡಿ. ಪಕ್ಕದ ಮನೆಯವರನ್ನು ಬೈಯುವುದಿದ್ದರೆ ಆಮೇಲೆ ಬೈಯಿರಿ.